ಭೂಮಿಯ ರೂಪವನ್ನು ಅರಸಿದ ಲ್ಯಾಂಬ್ಟನ್

ಕೊಡಗಿನ ಕುಶಾಲನಗರಕ್ಕೆ ಅನತಿದೂರದಲ್ಲಿ, ಕಾವೇರಿಯ ದಡದಲ್ಲಿ, ದುಬಾರೆ ಎಂಬ ಸ್ಥಳವಿದೆ. ಮೈಸೂರಿನ ದಸರಾ ಮೆರವಣಿಗೆಗೆ ಆನೆಗಳನ್ನು ಕಳುಹಿಸಿಕೊಡುವ ಶಿಬಿರಗಳಲ್ಲಿ ಇದೂ ಒಂದು. ಬೇಸಗೆಯಲ್ಲಿ ನದಿಯ ಹರಿವು ಇಳಿದು ಬಂಡೆಗಳು ತಲೆಯೆತ್ತಿದಾಗ, ಅವುಗಳ ನಡುವಣ ಮಡುಗಳಲ್ಲಿ ನೀರು ಅಲುಗದೆ ನಿಂತಿರುತ್ತದೆ. ಆ ನೀರಿನ ಮೇಲ್ಮೈ ಕನ್ನಡಿಯಂತೆ ಸಮತಟ್ಟಾಗಿ ತೋರುತ್ತದೆ.

ಸಮತಟ್ಟು ಎಂದರೇನು? ಗಾರೆಯವನು ಗೋಡೆ ಕಟ್ಟುವಾಗ ಇಳಿಬಿಡುವ ತೂಗುಗುಂಡಿನ ದಾರಕ್ಕೆ ಎಲ್ಲ ದಿಕ್ಕುಗಳಲ್ಲಿಯೂ ಲಂಬವಾಗಿರುವ ಮೇಲ್ಮೈಯೇ ಸಮತಟ್ಟು. ನಿಂತ ನೀರು ತಾನಾಗಿಯೇ ಈ ಸ್ಥಿತಿಗೆ ಬರುತ್ತದೆ. ದುಬಾರೆಯ ಮಡುವು ಚಿಕ್ಕದು. ಅದರ ಬಾಗು ಕಣ್ಣಿಗೆ ಕಾಣಿಸದು. ಅಂತಹ ನೀರನ್ನು ಕಡಲಿನ ಮಟ್ಟಕ್ಕೆ ಇಳಿಸಿ, ಬೆಟ್ಟಗಳ ಅಡಿಯಲ್ಲಿಯೂ ನಾಡುಗಳ ಅಡಿಯಲ್ಲಿಯೂ ಹಾಯಿಸಿ, ಭೂಮಂಡಲದ ಸುತ್ತಲೂ ಹರಡಿದೆವೆಂದು ಭಾವಿಸಿಕೊಳ್ಳಬಹುದು. ಆಗ ಅದರ ಆಕಾರ ಹೇಗಿದ್ದೀತು? ಚೆಂಡಿನಂತೆ ನುಣ್ಣಗೆ ಗುಂಡಗಿದ್ದೀತೆ? ಎಲ್ಲಿಯಾದರೂ ಉಬ್ಬಿ, ಎಲ್ಲಿಯಾದರೂ ತಗ್ಗಿದ್ದೀತೆ?

ಕೇಳುವುದಕ್ಕೆ ಸರಳವಾದ ಈ ಪ್ರಶ್ನೆಗೆ ಉತ್ತರ ಹುಡುಕಲು ಗಣಿತಜ್ಞರು ಹೊಸದೊಂದು ಗಣಿತವನ್ನೇ ಕಟ್ಟಬೇಕಾಯಿತು. ಅದೇ ಕಾಲದಲ್ಲಿ ಒಬ್ಬ ಸೈನಿಕನು ಸರಪಳಿಯನ್ನೂ ದೂರದರ್ಶಕವನ್ನೂ ಹೊರಿಸಿಕೊಂಡು ದಕ್ಷಿಣ ಭಾರತದ ಬಯಲುಗಳಲ್ಲಿ, ಬೆಟ್ಟಗಳಲ್ಲಿ ಇಪ್ಪತ್ತೆರಡು ವರ್ಷಗಳ ಕಾಲ ಅಲೆದನು. ಅವನೇ ವಿಲಿಯಂ ಲ್ಯಾಂಬ್ಟನ್.

ಲ್ಯಾಂಬ್ಟನ್ನನು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ, ನಾರ್ತಲರ್ಟನ್ ಪಟ್ಟಣದ ಬಳಿ, 1750ರ ದಶಕದಲ್ಲಿ ಹುಟ್ಟಿದನು. ಮನೆತನ ಸಿರಿವಂತವಾದುದಲ್ಲ. ಓದಿನಲ್ಲಿ, ಅದರಲ್ಲಿಯೂ ಗಣಿತದಲ್ಲಿ, ಹುಡುಗನಿಗೆ ಆಸಕ್ತಿಯಿದ್ದರೂ ಹೊಟ್ಟೆಪಾಡಿಗಾಗಿ ಸೈನ್ಯವನ್ನು ಸೇರಬೇಕಾಯಿತು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಅವನನ್ನು ಅಲ್ಲಿಗೆ ಕಳುಹಿಸಿದರು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಇಂಗ್ಲಿಷ್ ಸೇನೆ ಶರಣಾದಾಗ ಇವನೂ ಸೆರೆಯಾದನು. ಬಿಡುಗಡೆಯ ತರುವಾಯ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೈನಿಕರ ವಸತಿಗಳ ಮೇಲ್ವಿಚಾರಕನಾಗಿ ಹತ್ತಾರು ವರ್ಷ ಕಳೆದನು. ಜೊತೆಯವರು ಬೇಟೆಯಲ್ಲಿಯೂ ಔತಣಗಳಲ್ಲಿಯೂ ತೊಡಗಿದ್ದರೆ ಅವನು ಗಣಿತ ಗ್ರಂಥಗಳೊಡನೆ ಏಕಾಂತದಲ್ಲಿರುತ್ತಿದ್ದನು. ಒಮ್ಮೆ ಸೂರ್ಯಗ್ರಹಣವನ್ನು ಮಸಿಗಾಜಿನ ರಕ್ಷಣೆಯಿಲ್ಲದೆ ನೋಡಿ ಎಡಗಣ್ಣಿಗೆ ಶಾಶ್ವತವಾಗಿ ಹಾನಿ ಮಾಡಿಕೊಂಡನು. ಜೀವಮಾನವಿಡೀ ದೂರದರ್ಶಕದಲ್ಲಿ ನೋಡುವುದನ್ನೇ ಕಸುಬಾಗಿ ಮಾಡಿಕೊಂಡವನಿಗೆ ಉಳಿದುದು ಒಂದೇ ಒಳ್ಳೆಯ ಕಣ್ಣು.

ನಲವತ್ತು ವರ್ಷ ದಾಟುವವರೆಗೆ ಅವನು ಹೆಸರುಪಡೆಯುವಂತಹ ಯಾವ ಕೆಲಸವನ್ನೂ ಮಾಡಿರಲಿಲ್ಲ. ತನ್ನ ದಳವಾದ ಮೂವತ್ತಮೂರನೆಯ ಕಾಲ್ದಳವನ್ನು ಕೂಡಿಕೊಳ್ಳಲು ಅವನು ಭಾರತಕ್ಕೆ ಬಂದನು. ಆ ದಳದ ನಾಯಕನು ಮುಂದೆ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ.

1799ರಲ್ಲಿ ಕಂಪೆನಿಯ ಸೇನೆ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣವನ್ನು ಮುತ್ತಿತು. ಒಂದು ರಾತ್ರಿ ಜನರಲ್ ಬೇರ್ಡನು ಪಡೆಯೊಂದನ್ನು ಕರೆದುಕೊಂಡು ಕತ್ತಲಲ್ಲಿ ಹೊರಟನು. ದಕ್ಷಿಣಕ್ಕೆ ತಮ್ಮ ಪಾಳೆಯದತ್ತ ಹೋಗುತ್ತಿರುವೆವೆಂದು ಅವನು ನಂಬಿದ್ದನು. ನಕ್ಷತ್ರಗಳನ್ನು ನೋಡುತ್ತ ನಡೆದಿದ್ದ ಲ್ಯಾಂಬ್ಟನ್ನನು, ಪಡೆ ಉತ್ತರಕ್ಕೆ, ನೇರವಾಗಿ ಸುಲ್ತಾನನ ಸೈನ್ಯದತ್ತ ಸಾಗುತ್ತಿದೆಯೆಂದು ಎಚ್ಚರಿಸಿದನು. ಬೇರ್ಡನು ಮೊದಲು ಒಪ್ಪಲಿಲ್ಲ. ದಿಕ್ಸೂಚಿಯನ್ನು ತರಿಸಿ ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಯಿತು, ಪಡೆ ಹಿಂದಿರುಗಿತು.

ಶ್ರೀರಂಗಪಟ್ಟಣ ಬಿದ್ದ ಬಳಿಕ ಲ್ಯಾಂಬ್ಟನ್ನನು ತನ್ನ ಯೋಜನೆಯನ್ನು ಮೇಲಧಿಕಾರಿಗಳ ಮುಂದಿಟ್ಟನು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ನಾಡನ್ನೆಲ್ಲ ತ್ರಿಕೋನಗಳ ಜಾಲದಿಂದ ಅಳೆಯಬೇಕು. ಅದರಿಂದ ನಿಖರವಾದ ಭೂಪಟ ದೊರೆಯುತ್ತದೆ. ಅದಕ್ಕಿಂತ ಮಿಗಿಲಾಗಿ, ಭೂಮಿಯ ನಿಜವಾದ ಆಕಾರ ತಿಳಿಯುತ್ತದೆ ಎಂಬುದು ಅವನ ವಾದವಾಗಿತ್ತು. ಕಂಪೆನಿಗೆ ಬೇಕಾಗಿದ್ದುದು ಭೂಪಟ. ಹೊಸದಾಗಿ ಗೆದ್ದ ನಾಡಿನಲ್ಲಿ ಕಂದಾಯವೆತ್ತಲೂ ಸೈನ್ಯ ನಡೆಸಲೂ ಅದು ಅವಶ್ಯಕವಾಗಿತ್ತು. ಲ್ಯಾಂಬ್ಟನ್ನನಿಗೆ ಬೇಕಾಗಿದ್ದುದು ಭೂಮಿಯ ಆಕಾರ. ವೆಲ್ಲೆಸ್ಲಿ ಸಹೋದರರ ಬೆಂಬಲದಿಂದ ಅನುಮತಿ ದೊರೆಯಿತು. ಆದರೂ ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬನು, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅದಕ್ಕಾಗಿ ಇಷ್ಟೊಂದು ಹಣ ಸುರಿದು ಅಳೆಯುವುದೇಕೆ ಎಂದು ಹಾಸ್ಯ ಮಾಡಿದನಂತೆ.

ಕೆಲಸಕ್ಕೆ ಬೇಕಾದ ಉಪಕರಣಗಳ ಕಥೆಯೂ ಸ್ವಾರಸ್ಯವಾಗಿದೆ. ನೂರು ಅಡಿ ಉದ್ದದ ಉಕ್ಕಿನ ಸರಪಳಿಯನ್ನೂ, ನೆತ್ತಿಯ ಮೇಲಣ ನಕ್ಷತ್ರಗಳನ್ನು ನೋಡುವ ಯಂತ್ರವನ್ನೂ ಚೀನದ ಚಕ್ರವರ್ತಿಗೆ ಕಾಣಿಕೆಯೆಂದು ಇಂಗ್ಲೆಂಡಿನ ರಾಯಭಾರಿಯು ಒಯ್ದಿದ್ದನು. ಚಕ್ರವರ್ತಿಗೆ ಅವು ಬೇಡವಾದವು. ಸುತ್ತಿ ಸುಳಿದು ಅವು ಭಾರತಕ್ಕೆ ಬಂದವು. ಕೋನಗಳನ್ನು ಅಳೆಯುವ ದೊಡ್ಡ ಥಿಯೋಡೊಲೈಟನ್ನು ಲಂಡನ್ನಿನಲ್ಲಿ ಮಾಡಿಸಲಾಯಿತು. ಅದರ ತೂಕ ಸುಮಾರು ಅರ್ಧ ಟನ್. ಅದನ್ನು ಹೊತ್ತು ಬರುತ್ತಿದ್ದ ಹಡಗನ್ನು ಫ್ರೆಂಚ್ ಯುದ್ಧನೌಕೆಯೊಂದು ಹಿಡಿದು ಮಾರಿಷಸ್ಸಿಗೆ ಒಯ್ದಿತು. ಪೆಟ್ಟಿಗೆಯಲ್ಲಿರುವುದು ವಿಜ್ಞಾನದ ಸಾಧನವೆಂದು ತಿಳಿದೊಡನೆ ಅಲ್ಲಿಯ ಫ್ರೆಂಚ್ ಅಧಿಕಾರಿಯು ಶತ್ರುವಿನ ಸ್ವತ್ತಾದರೂ ಅದನ್ನು ಗೌರವದಿಂದ ಮದರಾಸಿಗೆ ಕಳುಹಿಸಿಕೊಟ್ಟನು.

1800ರ ಕೊನೆಯ ತಿಂಗಳುಗಳಲ್ಲಿ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿಯ ಬಯಲಿನಲ್ಲಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಸರಳರೇಖೆಯನ್ನು ಅಳೆದನು. ಇಂತಹ ರೇಖೆಗೆ ಆಧಾರರೇಖೆ ಎಂದು ಹೆಸರು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಆದುದರಿಂದ ಅದನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಉಷ್ಣಮಾಪಕಗಳನ್ನಿಟ್ಟು, ಪ್ರತಿ ಸಲವೂ ತಿದ್ದುಪಡಿಯನ್ನು ಲೆಕ್ಕಹಾಕಬೇಕಾಗಿತ್ತು. ಇದು ಪರೀಕ್ಷಾರ್ಥವಾದ ಅಳತೆ. ನಿಜವಾದ ಕಾರ್ಯ 1802ರ ಏಪ್ರಿಲಿನಲ್ಲಿ ಮದರಾಸಿನ ಬಳಿ ಇನ್ನೊಂದು ಆಧಾರರೇಖೆಯೊಡನೆ ಮೊದಲಾಯಿತು.

ಒಂದು ರೇಖೆಯನ್ನು ಅಳೆದರೆ ಮುಂದೆ ಸರಪಳಿಯ ಅಗತ್ಯವಿಲ್ಲ. ರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಯೊಂದನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಕೋನದ ಉಳಿದೆರಡು ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ಆ ಬಾಹುಗಳೇ ಮುಂದಿನ ತ್ರಿಕೋನಗಳಿಗೆ ಆಧಾರ. ಹೀಗೆ ತ್ರಿಕೋನದಿಂದ ತ್ರಿಕೋನಕ್ಕೆ ಹೆಜ್ಜೆಯಿಡುತ್ತ ಮದರಾಸಿನಿಂದ ಮಂಗಳೂರಿನವರೆಗೂ ಹೋಗಬಹುದು. ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಕಾಗದದ ಮೇಲಣ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿ. ಭೂಮಿಯ ಮೇಲೆ ಬರೆದ ದೊಡ್ಡ ತ್ರಿಕೋನದಲ್ಲಿ ಮೊತ್ತ ಅದಕ್ಕಿಂತ ತುಸು ಹೆಚ್ಚು. ವಿಸ್ತೀರ್ಣ ಸುಮಾರು 200 ಚದರ ಕಿಲೋಮೀಟರಿದ್ದರೆ ಹೆಚ್ಚಳ ಒಂದು ಸೆಕೆಂಡ್, ಎಂದರೆ ಡಿಗ್ರಿಯ 3600ನೆಯ ಒಂದು ಭಾಗ. ನೆಲ ಬಾಗಿದೆಯೆಂಬುದಕ್ಕೆ ಈ ಅಲ್ಪ ಹೆಚ್ಚಳವೇ ಸಾಕ್ಷಿ.

1804ರಲ್ಲಿ ತ್ರಿಕೋನಗಳ ಸರಣಿ ಬೆಂಗಳೂರನ್ನು ಮುಟ್ಟಿತು. ಲ್ಯಾಂಬ್ಟನ್ನನ ಸಹಾಯಕನಾದ ವಾರನ್ ಎಂಬವನು ಅಲ್ಲಿ ಹೊಸದಾಗಿ ಆಧಾರರೇಖೆಯೊಂದನ್ನು ಅಳೆದನು. ಮದರಾಸಿನಿಂದ ಲೆಕ್ಕಹಾಕಿ ತಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲವನ್ನೂ ಮುಟ್ಟಲಿಲ್ಲ.

ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ಸರಣಿ ಮೈಸೂರು ಸೀಮೆಯನ್ನು ದಾಟಿ ಘಟ್ಟಗಳನ್ನೇರಿತು. ಕೊಡಗಿನಲ್ಲಿ ಆಗ ದೊಡ್ಡವೀರರಾಜೇಂದ್ರನು ಆಳುತ್ತಿದ್ದನು. ಅವನು ಕಂಪೆನಿಯ ಮಿತ್ರನಾಗಿದ್ದುದರಿಂದ ಆ ನಾಡಿನ ಶಿಖರಗಳು ಅಳತೆಗಾರರಿಗೆ ಮುಚ್ಚಿರಲಿಲ್ಲ. ದುಬಾರೆಯಂತಹ ಹೊಳೆದಡದ ಕಾಡಿನಲ್ಲಿ ನಿಂತರೆ ನಾಲ್ಕು ಮಾರು ಆಚೆಗಿರುವುದು ಕಾಣದು. ತ್ರಿಕೋನ ಕಟ್ಟುವವನಿಗೆ ಬೇಕಾದುದು ಕಾಡನ್ನು ಮೀರಿ ನಿಂತ ತುದಿಗಳು. ತಡಿಯಂಡಮೋಳ್, ಸುಬ್ರಹ್ಮಣ್ಯದ ಬೆಟ್ಟ ಮುಂತಾದ ಎತ್ತರಗಳಿಂದ ಒಂದೆಡೆ ಮೈಸೂರಿನ ಬಯಲೂ ಇನ್ನೊಂದೆಡೆ ಅರಬ್ಬೀ ಸಮುದ್ರವೂ ಕಾಣುತ್ತವೆ. ಮಳೆ ತೊಳೆದ ಮೇಲಷ್ಟೇ ಗಾಳಿ ತಿಳಿಯಾಗಿ ದೂರದ ಗುರುತುಗಳು ಕಾಣುವುದರಿಂದ ಲ್ಯಾಂಬ್ಟನ್ನನು ಮಳೆಗಾಲದ ಹೊತ್ತನ್ನೇ ಕೆಲಸಕ್ಕೆ ಆರಿಸಿಕೊಳ್ಳುತ್ತಿದ್ದನು. ಜ್ವರಕಾಲವೂ ಅದೇ. ಯಂತ್ರಗಳನ್ನು ಹೊತ್ತವರು, ಮರ ಕಡಿದು ದಾರಿ ಮಾಡಿದವರು, ಶಿಖರದ ಮೇಲೆ ಬಾವುಟ ಹಿಡಿದು ದಿನಗಟ್ಟಲೆ ಕಾದವರು ನಮ್ಮ ನಾಡಿನ ಜನ. ತ್ರಿಕೋನಗಳ ಮೂಲೆಗಳಿಗೆಲ್ಲ ಹೆಸರು ದಾಖಲಾಗಿದೆ. ಅವರಲ್ಲಿ ಬಹುಮಂದಿಯ ಹೆಸರು ದಾಖಲಾಗಿಲ್ಲ.

ಮಂಗಳೂರನ್ನು ಮುಟ್ಟಿದಾಗ ಒಂದು ಅಚ್ಚರಿ ಕಾದಿತ್ತು. ಹಳೆಯ ಭೂಪಟಗಳಲ್ಲಿ ಮದರಾಸಿನಿಂದ ಮಂಗಳೂರಿಗೆ 400 ಮೈಲಿ. ಲ್ಯಾಂಬ್ಟನ್ನನ ಲೆಕ್ಕದಲ್ಲಿ ಬಂದುದು 360. ನಲವತ್ತು ಮೈಲಿ ಅಗಲದ ನಾಡು ಇದ್ದಕ್ಕಿದ್ದಂತೆ ಇಲ್ಲವಾಯಿತು! ಮುಂದೆ 1815ರಿಂದ 1817ರವರೆಗೆ ಲೆಫ್ಟಿನೆಂಟ್ ಕಾನರನು ಕೊಡಗನ್ನು ಹಳ್ಳಿಹಳ್ಳಿಯಾಗಿ ಅಳೆದು ಬರೆದ ವರದಿ ಪ್ರಸಿದ್ಧವಾಗಿದೆ.

ಇಷ್ಟರಿಂದ ಲ್ಯಾಂಬ್ಟನ್ನನಿಗೆ ತೃಪ್ತಿಯಾಗಲಿಲ್ಲ. ಅವನ ಗುರಿ ಉತ್ತರ ದಕ್ಷಿಣವಾಗಿ ಹಾಯುವ ಒಂದು ಮಹಾ ಚಾಪವನ್ನು ಅಳೆಯುವುದು. ಇದರ ಉದ್ದೇಶವನ್ನು ಕೊಡಗಿನ ಕಿತ್ತಳೆಯಿಂದ ತಿಳಿಯಬಹುದು. ಆ ಹಣ್ಣು ತೊಟ್ಟಿನ ಬಳಿಯೂ ತಳದಲ್ಲಿಯೂ ಚಪ್ಪಟೆ, ನಡುವಿನಲ್ಲಿ ಉಬ್ಬು. ತನ್ನನ್ನು ತಾನು ಸುತ್ತುವ ಭೂಮಿಯೂ ಹೀಗೆಯೇ ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕೆಂದು ನ್ಯೂಟನ್ನನು ಲೆಕ್ಕಹಾಕಿದ್ದನು. ಚಪ್ಪಟೆತನ 230ರಲ್ಲಿ ಒಂದು ಭಾಗವೆಂದಿದ್ದನು. ಹಣ್ಣಿನ ಚಪ್ಪಟೆ ಭಾಗದಲ್ಲಿ ಬಾಗು ಕಡಿಮೆ. ಆದುದರಿಂದ ಅಲ್ಲಿ ದಿಕ್ಕು ಒಂದು ಡಿಗ್ರಿ ಬದಲಾಗಬೇಕಾದರೆ ಹೆಚ್ಚು ದೂರ ಹೋಗಬೇಕು. ಭೂಮಿಯ ಮೇಲೆ ಸಮಭಾಜಕ ವೃತ್ತದ ಬಳಿ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 110.6 ಕಿಲೋಮೀಟರ್, ಧ್ರುವದ ಬಳಿ ಸುಮಾರು 111.7 ಕಿಲೋಮೀಟರ್. ಈ ಒಂದು ಕಿಲೋಮೀಟರಿನ ವ್ಯತ್ಯಾಸದಲ್ಲಿಯೇ ಭೂಮಿಯ ಆಕಾರ ಅಡಗಿದೆ. ಉತ್ತರದ ನಾಡುಗಳಲ್ಲಿ ಡಿಗ್ರಿಗಳನ್ನು ಅಳೆದಿದ್ದರು. ಸಮಭಾಜಕ ವೃತ್ತಕ್ಕೆ ಸಮೀಪವಾದ ನಾಡಿನಲ್ಲಿ ದೀರ್ಘವಾದ ಅಳತೆ ಬೇಕಾಗಿತ್ತು. ದಕ್ಷಿಣ ಭಾರತ ಅದಕ್ಕೆ ತಕ್ಕ ಸ್ಥಳವಾಗಿತ್ತು.

ಚಾಪ ಕನ್ಯಾಕುಮಾರಿಯತ್ತ ಇಳಿಯಿತು. 1808ರಲ್ಲಿ ತಂಜಾವೂರಿನ ಸೀಮೆಯಲ್ಲಿ ಬೆಟ್ಟಗಳಿಲ್ಲದ ಕಾರಣ ದೇವಾಲಯದ ಗೋಪುರಗಳನ್ನೇ ಶಿಖರಗಳಾಗಿ ಬಳಸಬೇಕಾಯಿತು. ತಂಜಾವೂರಿನ ದೊಡ್ಡ ದೇವಾಲಯದ ಗೋಪುರಕ್ಕೆ ಥಿಯೋಡೊಲೈಟನ್ನು ಹಗ್ಗದಿಂದ ಎಳೆಯುತ್ತಿದ್ದಾಗ ಹಗ್ಗ ಹರಿಯಿತು. ಯಂತ್ರ ಗೋಡೆಗೆ ಅಪ್ಪಳಿಸಿತು, ಪೆಟ್ಟಿಗೆ ಒಡೆಯಿತು, ಕೋನಗಳನ್ನು ಕೊರೆದಿದ್ದ ಹಿತ್ತಾಳೆಯ ಚಕ್ರ ಸೊಟ್ಟಗಾಯಿತು. ಬೇರೊಬ್ಬನಾಗಿದ್ದರೆ ಲಂಡನ್ನಿಗೆ ಬರೆದು ಹೊಸ ಯಂತ್ರಕ್ಕಾಗಿ ಎರಡು ವರ್ಷ ಕಾಯುತ್ತಿದ್ದನು. ಲ್ಯಾಂಬ್ಟನ್ನನು ಡೇರೆಯೊಳಗೆ ಬಾಗಿಲು ಮುಚ್ಚಿಕೊಂಡು ಯಂತ್ರವನ್ನು ಬಿಚ್ಚಿದನು. ಚಕ್ರದ ನಿಜವಾದ ವೃತ್ತವನ್ನು ಹಲಗೆಯ ಮೇಲೆ ಬರೆದು, ಬೆಣೆ, ತಿರುಪು, ರಾಟೆಗಳಿಂದ ಕೂದಲೆಳೆಯಷ್ಟಷ್ಟೇ ಎಳೆದು ಎಳೆದು, ಆರು ವಾರಗಳಲ್ಲಿ ಅದನ್ನು ಮೊದಲಿನ ಆಕಾರಕ್ಕೆ ತಂದನು. ಆ ಯಂತ್ರ ಮುಂದೆಯೂ ವರ್ಷಾನುಗಟ್ಟಲೆ ಕೆಲಸ ಮಾಡಿತು.

ಸರಿಪಡಿಸಲಾಗದ ತೊಡಕೊಂದು ಬೇರೆಡೆ ಕಾದಿತ್ತು. ಒಂದು ಸ್ಥಳದ ಅಕ್ಷಾಂಶವನ್ನು ತಿಳಿಯಲು ನಕ್ಷತ್ರವೊಂದು ನೆತ್ತಿಯಿಂದ ಎಷ್ಟು ಓರೆಯಾಗಿದೆಯೆಂದು ನೋಡಬೇಕು. ನೆತ್ತಿ ಎಲ್ಲಿದೆಯೆಂದು ಹೇಳುವುದು ತೂಗುಗುಂಡು. ಗುಂಡೇ ಓರೆಯಾದರೆ? ಒಂದು ಸೆಕೆಂಡಿನಷ್ಟು ಓರೆಯಾದರೂ ನೆಲದ ಮೇಲೆ ಸುಮಾರು 31 ಮೀಟರಿನ ತಪ್ಪು. ಆಗ ಬೆಂಗಳೂರಿನ ಹೊರಗಿದ್ದ ದೊಡ್ಡಗುಂಟೆ ಎಂಬಲ್ಲಿ ಮಾಡಿದ ವೀಕ್ಷಣೆಗಳು ಉಳಿದ ಠಾಣ್ಯಗಳ ಫಲಿತಾಂಶಕ್ಕೆ ಹೊಂದಿಕೆಯಾಗಲಿಲ್ಲ. ಸರಪಳಿಯಲ್ಲಿ ದೋಷವಿರಲಿಲ್ಲ, ಯಂತ್ರದಲ್ಲಿ ದೋಷವಿರಲಿಲ್ಲ. ಗುಂಡನ್ನು ಪಕ್ಕಕ್ಕೆ ಸೆಳೆಯುವಂತಹ ಭಾರವಾದ ಅದಿರು ನೆಲದೊಳಗೆ ಇರಬೇಕೆಂದು ಲ್ಯಾಂಬ್ಟನ್ನನು ಊಹಿಸಿದನು. ಬೆಟ್ಟದ ಆಕರ್ಷಣೆಯಿಂದ ಗುಂಡು ಓರೆಯಾಗುವುದನ್ನು ಸ್ಕಾಟ್ಲೆಂಡಿನಲ್ಲಿ 1774ರಲ್ಲಿಯೇ ತೋರಿಸಿದ್ದರು. ಬಯಲಿನಲ್ಲಿಯೂ ಹೀಗಾಗಬಹುದೆಂಬುದು ಕಳವಳದ ಸಂಗತಿಯಾಗಿತ್ತು. ಭೂಮಿಯ ಆಕಾರವನ್ನು ಅಳೆಯಲು ಹೊರಟವನಿಗೆ, ಅಳೆಯುವ ಗುಂಡೇ ಭೂಮಿಯ ಒಳಗಣ ವಿಷಮತೆಗೆ ಒಳಪಟ್ಟಿದೆಯೆಂದು ತಿಳಿದುಬಂದಿತು. ಕಿತ್ತಳೆಯ ಉಪಮಾನ ಇಲ್ಲಿಗೆ ಸಾಲದಾಯಿತು.

ಈ ತೊಡಕನ್ನು ಬಿಡಿಸಬಲ್ಲ ಗಣಿತ ಅಷ್ಟರಲ್ಲಿಯೇ ಪ್ಯಾರಿಸ್ಸಿನಲ್ಲಿ ಹುಟ್ಟಿತ್ತು. 1780ರ ದಶಕದಲ್ಲಿ ಲೆಜಾಂಡ್ರ್ ಮತ್ತು ಲಾಪ್ಲಾಸ್ ಎಂಬ ಗಣಿತಜ್ಞರು, ಪೂರ್ತಿ ಗುಂಡಗಿಲ್ಲದ ಕಾಯವೊಂದು ಹೊರಗಿನ ವಸ್ತುವನ್ನು ಹೇಗೆ ಆಕರ್ಷಿಸುತ್ತದೆಂಬುದನ್ನು ವಿಚಾರಿಸುತ್ತಿದ್ದರು. ಅದಕ್ಕಾಗಿ ಅವರು ಕಂಡುಹಿಡಿದ ಸಾಧನಕ್ಕೆ ಇಂದು ಗೋಳೀಯ ಹಾರ್ಮೋನಿಕ್‌ಗಳು ಎಂದು ಹೆಸರು. ಈ ಹೆಸರು ಬಳಕೆಗೆ ಬಂದುದು ಕೆಲ್ವಿನ್ ಮತ್ತು ಟೇಟ್ 1867ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಲಾಪ್ಲಾಸನ ಖಗೋಳ ಯಂತ್ರಶಾಸ್ತ್ರದ ಮಹಾಗ್ರಂಥದ ಮೊದಲ ಸಂಪುಟಗಳು ಹೊರಬಂದವೆಂಬುದು ಒಂದು ಕಾಕತಾಳೀಯ.

ವೀಣೆಯ ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಕಂಪಿಸುವುದಷ್ಟೇ ಅಲ್ಲ. ಎರಡು ಭಾಗಗಳಾಗಿ, ಮೂರು ಭಾಗಗಳಾಗಿ, ನಾಲ್ಕು ಭಾಗಗಳಾಗಿ ಏಕಕಾಲದಲ್ಲಿ ಕಂಪಿಸುತ್ತದೆ. ನಾದ ಎಷ್ಟೇ ಸಂಕೀರ್ಣವಾಗಿರಲಿ, ಅದನ್ನು ಈ ಸರಳ ಕಂಪನಗಳ ಮೊತ್ತವಾಗಿ ಬಿಡಿಸಬಹುದು. ತಂತಿಗೆ ಬದಲಾಗಿ ಗೋಳವೊಂದರ ಮೇಲ್ಮೈಯನ್ನು ತೆಗೆದುಕೊಂಡರೆ, ಅಲ್ಲಿಯೂ ಇಂತಹ ಸರಳ ವಿನ್ಯಾಸಗಳಿವೆ. ಸೊನ್ನೆಯ ದರ್ಜೆಯ ವಿನ್ಯಾಸ ಒಂದೇ. ಅದು ಎಲ್ಲೆಡೆ ಸಮನಾದುದು, ಎಂದರೆ ನುಣುಪಾದ ಗೋಳ. ಮೇಲಿನ ದರ್ಜೆಗಳಲ್ಲಿ ಗೋಳದ ಮೇಲ್ಮೈ ಉಬ್ಬು ತಗ್ಗುಗಳಾಗಿ ವಿಭಾಗವಾಗುತ್ತದೆ. ಕೆಲವು ವಿನ್ಯಾಸಗಳಲ್ಲಿ ಅಕ್ಷಾಂಶಗಳಂತೆ ಅಡ್ಡಪಟ್ಟಿಗಳು. ಕೆಲವುಗಳಲ್ಲಿ ಕಿತ್ತಳೆಯ ತೊಳೆಗಳಂತೆ ಧ್ರುವದಿಂದ ಧ್ರುವಕ್ಕೆ ಹಾಯುವ ಹೋಳುಗಳು. ಉಳಿದವುಗಳಲ್ಲಿ ಎರಡೂ ಸೇರಿ ಚದುರಂಗದ ಹಾಸಿನಂತಹ ಮನೆಗಳು. ಎರಡನೆಯ ದರ್ಜೆಯ ಅಡ್ಡಪಟ್ಟಿಯ ವಿನ್ಯಾಸವೇ ಧ್ರುವಗಳಲ್ಲಿ ತಗ್ಗು, ನಡುವಿನಲ್ಲಿ ಉಬ್ಬು. ನ್ಯೂಟನ್ನನ ಚಪ್ಪಟೆ ಭೂಮಿ. ದರ್ಜೆ ಏರಿದಂತೆ ವಿನ್ಯಾಸಗಳ ಸಂಖ್ಯೆ 1, 3, 5, 7 ಎಂದು ಬೆಸಸಂಖ್ಯೆಗಳಲ್ಲಿ ಬೆಳೆಯುತ್ತದೆ. ಅವುಗಳನ್ನು ಕೂಡುತ್ತ ಹೋದರೆ 1, 4, 9, 16 ಎಂದು ವರ್ಗಸಂಖ್ಯೆಗಳು ಬರುವುದನ್ನು ಗಣಿತದ ತರಗತಿಯಲ್ಲಿ ಕಂಡವರು ಇಲ್ಲಿ ಮತ್ತೆ ಕಾಣಬಹುದು.

ಗೋಳದ ಮೇಲಣ ಯಾವ ಏರಿಳಿತವನ್ನಾದರೂ ಈ ವಿನ್ಯಾಸಗಳ ಮೊತ್ತವಾಗಿ ಬರೆಯಬಹುದು. ಒಂದೊಂದು ವಿನ್ಯಾಸದ ಪಾಲು ಎಷ್ಟೆಂಬುದನ್ನು ಉಳಿದವುಗಳ ಹಂಗಿಲ್ಲದೆ ಬೇರೆಯಾಗಿಯೇ ಕಂಡುಹಿಡಿಯಬಹುದು. ಆಕರ್ಷಣೆಯ ವಿಷಯದಲ್ಲಿ ಅವುಗಳಿಗೆ ಇನ್ನೊಂದು ಗುಣವಿದೆ. ಭೂಮಿಯಿಂದ ದೂರ ಹೋದಂತೆ ಎಲ್ಲ ವಿನ್ಯಾಸಗಳ ಪ್ರಭಾವವೂ ಕುಗ್ಗುತ್ತದೆ. ಆದರೆ ಮೇಲಿನ ದರ್ಜೆಯವು ಬಹು ಬೇಗ ಕುಗ್ಗುತ್ತವೆ. ಭೂಮಿಯ ಕೇಂದ್ರದಿಂದ ಇರುವ ದೂರ ಇಮ್ಮಡಿಯಾದಾಗ, ನುಣುಪಾದ ಗೋಳದ ಆಕರ್ಷಣೆಗೆ ಹೋಲಿಸಿದರೆ, ಎರಡನೆಯ ದರ್ಜೆಯ ಪ್ರಭಾವ ನಾಲ್ಕರಲ್ಲೊಂದಾಗುತ್ತದೆ. ಹತ್ತನೆಯ ದರ್ಜೆಯದು 1024ರಲ್ಲೊಂದಾಗುತ್ತದೆ. ಎತ್ತರಕ್ಕೆ ಹೋದವನಿಗೆ ಭೂಮಿಯ ದೊಡ್ಡ ರೂಪ ಮಾತ್ರ ತಿಳಿಯುತ್ತದೆ. ನೆಲದ ಮೇಲೆ ನಿಂತವನ ತೂಗುಗುಂಡಿಗೆ ದೊಡ್ಡದು ಚಿಕ್ಕದೆನ್ನದೆ ಎಲ್ಲ ದರ್ಜೆಗಳ ಸೆಳೆತವೂ ಒಟ್ಟಾಗಿ ತಾಗುತ್ತದೆ. ದೊಡ್ಡಗುಂಟೆಯಲ್ಲಿ ಲ್ಯಾಂಬ್ಟನ್ನನಿಗೆ ಎದುರಾದುದು ಇದೇ. ಅವುಗಳನ್ನು ಬೇರ್ಪಡಿಸಲು ಭೂಮಂಡಲದ ಎಲ್ಲ ಭಾಗಗಳಿಂದಲೂ ಅಳತೆಗಳು ಬೇಕು. ಒಬ್ಬ ಮನುಷ್ಯನ ಒಂದು ಚಾಪಕ್ಕೆ ಅದು ಮೀರಿದ ಕೆಲಸ.

ಗುರುತ್ವಕ್ಕಾಗಿ ಹುಟ್ಟಿದ ಈ ಗಣಿತ ಬೇರೆ ಬೇರೆ ಮನೆಗಳಿಗೂ ಹೋಯಿತು. ಜರ್ಮನಿಯ ಗೌಸನು 1839ರಲ್ಲಿ ಇದನ್ನು ಭೂಮಿಯ ಅಯಸ್ಕಾಂತತ್ವಕ್ಕೆ ಅನ್ವಯಿಸಿ, ಅದರ ಮೂಲ ಬಹುಮಟ್ಟಿಗೆ ಭೂಮಿಯ ಒಳಗೇ ಇದೆಯೆಂದು ತೋರಿಸಿದನು. 1926ರಲ್ಲಿ ಶ್ರೋಡಿಂಗರನು ಜಲಜನಕದ ಪರಮಾಣುವಿನ ಸಮೀಕರಣವನ್ನು ಬಿಡಿಸಿದಾಗ ಎಲೆಕ್ಟ್ರಾನಿನ ನೆಲೆಗಳು ಇದೇ ವಿನ್ಯಾಸಗಳಲ್ಲಿ ಕಾಣಿಸಿಕೊಂಡವು. ರಸಾಯನಶಾಸ್ತ್ರದಲ್ಲಿ ಉಪಕವಚಗಳಿಗೆ 2, 6, 10, 14 ಎಲೆಕ್ಟ್ರಾನುಗಳೆಂದು ಕಲಿಯುವ ಸಂಖ್ಯೆಗಳು 1, 3, 5, 7ರ ಇಮ್ಮಡಿಯಲ್ಲದೆ ಬೇರೆಯಲ್ಲ. ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ವಿಶ್ವದ ಆದಿಕಾಲದ ಮಂದವಾದ ಶಾಖದಲ್ಲಿರುವ ಅತ್ಯಲ್ಪ ಏರಿಳಿತಗಳನ್ನು ವಿಂಗಡಿಸುವುದೂ ಇದರಿಂದಲೇ.

ಲ್ಯಾಂಬ್ಟನ್ನನು ತನ್ನ ಪಾಲಿನ ಚಾಪವನ್ನು ಬಿಡಲಿಲ್ಲ. ಕನ್ಯಾಕುಮಾರಿಯ ಸಮೀಪದಿಂದ ಹೈದರಾಬಾದು ಸಂಸ್ಥಾನದೊಳಗಿನವರೆಗೆ ಅದು ಸುಮಾರು ಹತ್ತು ಡಿಗ್ರಿಗಳಷ್ಟು ಉದ್ದವಾಯಿತು. ಅದರಿಂದಲೂ ಇತರ ದೇಶಗಳ ಅಳತೆಗಳಿಂದಲೂ ಅವನು ಭೂಮಿಯ ಚಪ್ಪಟೆತನವನ್ನು ಸುಮಾರು 310ರಲ್ಲಿ ಒಂದು ಭಾಗವೆಂದು ನಿರ್ಣಯಿಸಿ 1818ರಲ್ಲಿ ಪ್ರಕಟಿಸಿದನು. ಇಂದು ಒಪ್ಪಿರುವ ಬೆಲೆ ಸುಮಾರು 298ರಲ್ಲಿ ಒಂದು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ಅವನಿಗೆ ಸದಸ್ಯತ್ವದ ಗೌರವ ನೀಡಿತು. ಲಾಪ್ಲಾಸನೂ ಲೆಜಾಂಡ್ರನೂ ಆ ಅಕಾಡೆಮಿಯ ಸದಸ್ಯರಾಗಿದ್ದರು.

1818ರಲ್ಲಿ ಈ ಕಾರ್ಯಕ್ಕೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂಬ ಹೆಸರು ಬಂದಿತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಎಂಬ ತರುಣನು ಸಹಾಯಕನಾಗಿ ಬಂದನು. ಪ್ರಪಂಚದ ಅತ್ಯುನ್ನತ ಶಿಖರಕ್ಕೆ ಹೆಸರಾದವನು ಆ ಸಹಾಯಕ. ಕಾರ್ಯವನ್ನು ಮೊದಲುಮಾಡಿದವನ ಹೆಸರನ್ನು ಶಾಲೆಯ ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಷ್ಟರಲ್ಲಿ ಲ್ಯಾಂಬ್ಟನ್ನನು 1,65,000 ಚದರ ಮೈಲಿಗಳಿಗೂ ಮಿಕ್ಕ ನಾಡನ್ನು ತ್ರಿಕೋನಗಳಲ್ಲಿ ಹಿಡಿದಿದ್ದನು. ಎಪ್ಪತ್ತರ ಅಂಚಿನಲ್ಲಿದ್ದ ಅವನು ಕೆಮ್ಮಿನಿಂದ ಬಳಲುತ್ತಿದ್ದರೂ ವಿಶ್ರಾಂತಿಗೆ ಒಪ್ಪಲಿಲ್ಲ. ಹೈದರಾಬಾದಿನಿಂದ ನಾಗಪುರದತ್ತ ಪ್ರಯಾಣಮಾಡುತ್ತಿದ್ದಾಗ, 1823ರ ಜನವರಿ 20ರಂದು, ಹಿಂಗಣಘಾಟ್ ಎಂಬಲ್ಲಿ ತೀರಿಕೊಂಡನು. ಅವನ ಸಮಾಧಿ ಅಲ್ಲಿಯೇ ಇದೆ.

ಎವರೆಸ್ಟನು ಚಾಪವನ್ನು ಹಿಮಾಲಯದ ಬುಡದವರೆಗೆ ಒಯ್ದನು. ಅಲ್ಲಿಯೂ ತೂಗುಗುಂಡು ಐದು ಸೆಕೆಂಡುಗಳಷ್ಟು ತಪ್ಪಿತು. ಹಿಮಾಲಯದ ಗಾತ್ರಕ್ಕೆ ಅದು ಹದಿನೈದು ಸೆಕೆಂಡಿಗೂ ಹೆಚ್ಚು ತಪ್ಪಬೇಕಾಗಿತ್ತೆಂದು ಕಲ್ಕತ್ತೆಯ ಪ್ರಾಟ್ ಎಂಬವನು 1855ರಲ್ಲಿ ಲೆಕ್ಕ ತೋರಿಸಿದನು. ಬೆಟ್ಟಗಳ ಬುಡದಲ್ಲಿರುವ ದ್ರವ್ಯ ಹಗುರವಾದುದೆಂಬ ತಿಳಿವು ಇದರಿಂದ ಹುಟ್ಟಿತು.

ಭೂಮಂಡಲದ ಎಲ್ಲ ಭಾಗಗಳಿಂದಲೂ ಅಳತೆ ದೊರೆತುದು ಕೃತಕ ಉಪಗ್ರಹಗಳ ಕಾಲದಲ್ಲಿ. ಅವುಗಳ ಕಕ್ಷೆ ಎಷ್ಟು ಅಲುಗುತ್ತದೆಂದು ನೋಡಿ ಗುರುತ್ವದ ವಿನ್ಯಾಸಗಳ ಪಾಲನ್ನು ಲೆಕ್ಕಹಾಕಿದರು. 1958ರಲ್ಲಿ ಹಾರಿಸಿದ ಚಿಕ್ಕ ಉಪಗ್ರಹ ವ್ಯಾನ್‌ಗಾರ್ಡ್‌ನಿಂದ ಮೂರನೆಯ ದರ್ಜೆಯ ಪಾಲು ಹೊರಬಿತ್ತು: ಉತ್ತರ ಧ್ರುವದ ಬಳಿ ತುಸು ಉಬ್ಬು, ದಕ್ಷಿಣ ಧ್ರುವದ ಬಳಿ ತುಸು ತಗ್ಗು. 2008ರ ಪ್ರಸಿದ್ಧ ಮಾದರಿಯೊಂದು 2159ನೆಯ ದರ್ಜೆಯವರೆಗೆ ಹೋಗುತ್ತದೆ. ಅಂದರೆ ಸುಮಾರು 46 ಲಕ್ಷ ವಿನ್ಯಾಸಗಳು. ಉಪಗ್ರಹಗಳಿಗೆ ತಿಳಿಯದ ಮೇಲಿನ ದರ್ಜೆಗಳಿಗಾಗಿ ನೆಲದ ಮೇಲೆ ಮಾಡಿದ ಅಳತೆಗಳನ್ನೂ ಸೇರಿಸಿಯೇ ಅದನ್ನು ಕಟ್ಟಬೇಕಾಯಿತು.

ಆ ಮೊತ್ತವನ್ನು ಕೂಡಿಸಿ ನೋಡಿದಾಗ ಭೂಮಂಡಲದಲ್ಲೆಲ್ಲ ಅತಿ ದೊಡ್ಡ ತಗ್ಗು ಕಂಡುಬಂದುದು ಶ್ರೀಲಂಕೆಯ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ನುಣುಪಾದ ಚಪ್ಪಟೆ ಗೋಳಕ್ಕೆ ಹೋಲಿಸಿದರೆ ಅಲ್ಲಿ ಕಡಲಿನ ಮಟ್ಟ 100 ಮೀಟರಿಗೂ ಹೆಚ್ಚು ಕೆಳಗಿದೆ. ಆ ತಗ್ಗಿನ ಇಳಿಜಾರು ದಕ್ಷಿಣ ಭಾರತವನ್ನೂ ಒಳಗೊಂಡಿದೆ. ದುಬಾರೆಯ ಕಾವೇರಿಯ ಅಡಿಯಲ್ಲಿ ಕಡಲಿನ ಮಟ್ಟವನ್ನು ಹಾಯಿಸಿದರೆ, ಅದು ನುಣುಪಾದ ಗೋಳಕ್ಕಿಂತ 80 ಮೀಟರಿಗೂ ಹೆಚ್ಚು ಕೆಳಗೆ ಹಾಯುತ್ತದೆ. ಉಪಗ್ರಹಗಳ ಸಂಕೇತದಿಂದ ಎತ್ತರವನ್ನು ತಿಳಿಯುವ ಯಂತ್ರವನ್ನು ಆ ದಡದ ಮೇಲಿಟ್ಟರೆ, ಈ ತಗ್ಗನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಅದು ಎತ್ತರವನ್ನು ಅಷ್ಟು ಕಡಿಮೆಯಾಗಿ ತೋರಿಸುತ್ತದೆ. ಇದು ದೊಡ್ಡಗುಂಟೆಯ ಗುಂಡನ್ನು ಸೆಳೆದ ಸ್ಥಳೀಯ ವಿಷಮತೆಯಂತಲ್ಲ. ಸಾವಿರಾರು ಕಿಲೋಮೀಟರುಗಳಿಗೆ ಹರಡಿದ, ಕೆಳಗಿನ ದರ್ಜೆಗಳ ತಗ್ಗು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೂವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಫ್ರಿಕದ ಅಡಿಯ ಆಳದಿಂದ ಮೇಲೆದ್ದು ಹರಡಿದ ಬಿಸಿಯಾದ, ಹಗುರವಾದ ಶಿಲಾದ್ರವ್ಯ ಈ ತಗ್ಗಿಗೆ ಕಾರಣ. ಲ್ಯಾಂಬ್ಟನ್ನನು ತನ್ನ ಮೊದಲ ಸರಪಳಿಯನ್ನು ಹಾಸಿದುದೂ ಅದೇ ಬೆಂಗಳೂರಿನ ಬಯಲಿನಲ್ಲಿ.